ಮಾರ್ಚಿಗೆ ಹೋದ ಫೋನು

ಸಲೆಲೊಲೊಗದ ಹಡಗುಕಟ್ಟೆಯೆದುರು
ನನ್ನ ಅಂಗಡಿ ಅಂದರೆ ಒಂದು ಮೇಜು, ಒಂದು ಛತ್ರಿ,
ಹಲ್ಲುಜ್ಜುವ ಹಳೇ ಬ್ರಷ್ಷು, ಸೂಜಿ, ಸ್ಪಿರಿಟ್ಟು,
ಉಪ್ಪುಗಾಳಿ ತಿಂದುಳಿಸಿದ ಚಾರ್ಜರುಗಳ ಡಬ್ಬ.

ಹಡಗು ಬಿಡಲು ಇನ್ನೂ ಹೊತ್ತಿತ್ತು.
ವಾಯೋಲಾ ಬಂದಳು. ಒಂದು ಕೈಯಲ್ಲಿ ಮೊಮ್ಮಗ ತಸಿ,
ಇನ್ನೊಂದರಲ್ಲಿ ಫೋನು, ನಾರುವ ಮೀನನ್ನು
ಬಾಲ ಹಿಡಿದು ತಂದ ಹಾಗೆ.
“ಫೇಸ್‌ಬುಕ್ಕು ತೆರೀತಿಲ್ಲ. ಸೋಮವಾರದಿಂದ
ಬರೀ ಬಿಳೀ ಗೋಡೆ, ಗೋಡೆ ಮೇಲೊಂದು ಉಂಗುರ.
ಸುತ್ತುತ್ತೆ, ಸುತ್ತುತ್ತೆ. ನೋಡ್ತಾ ಕೂತರೆ ನನ್ನ ತಲೆಯೂ.”

ಆಕ್ಲೆಂಡಿನ ಯಾರೋ ಹೆಂಗಸು ಕೇಳಿದ್ದಾಳಂತೆ
ಕೇದಗೆ ಗರಿಯ ಚಾಪೆ ನೋಡಿ: ಎಷ್ಟಗಲ?
ಭಾನುವಾರ ರಾತ್ರಿ ಪರದೆಯ ನೆತ್ತಿಯಲ್ಲಿ
ಅಷ್ಟು ಮಿಂಚಿ ಹೋಯಿತು.
ಎಂಟು ತಿಂಗಳು ನೇಯ್ದ ಚಾಪೆ.
ಅಗಲ ಹೇಳುವುದಕ್ಕೆ ಒಂದು ಬೆರಳು ಸಾಕು,
ಬೆರಳಿಗೆ ಬಾಗಿಲಿಲ್ಲ.

ಆರಿಸಿದೆ. ಹತ್ತು ಎಣಿಸಿ ಹಚ್ಚಿದೆ.
ಅರ್ಧ ರೋಗ ಇಷ್ಟಕ್ಕೇ ವಾಸಿ. ಇದಕ್ಕೆ ನಾನು ಕಾಸು ಕೇಳುವುದಿಲ್ಲ,
ಆಚೆ ಛತ್ರಿಯ ಫಿಲಿಪೊ ಕೇಳುತ್ತಾನೆ.
ಉಂಗುರ.

ಅವಳ ಸಿಮ್ಮು ನನ್ನ ಫೋನಿಗೆ ಹಾಕಿದೆ.
ಲೋಕ ಸರಕ್ಕನೆ ಬಿಚ್ಚಿಕೊಂಡಿತು:
ಯಾರದೋ ಮದುವೆ, ಹಂದಿಮರಿ, ಹೊಸ ಹಲ್ಲಿನ ಸೆಟ್ಟು.
“ಇದರಲ್ಲೇ ಉತ್ತರ ಬರೆದುಬಿಡು” ಅಂದೆ.
ಪಾಸ್‌ವರ್ಡು ಮಗಳಿಗೆ ಗೊತ್ತು.
ಮಗಳು ಪಾಗೊಪಾಗೊದ ಮೀನಿನ ಕಾರ್ಖಾನೆಯಲ್ಲಿ, ಪಾಳಿಯ ಮೇಲೆ.
ಅಲ್ಲಿ ಇನ್ನೂ ನಿನ್ನೆ.

ಹಳೇ ಕಸ ಗುಡಿಸಿದೆ, ಜಾಗ ಮಾಡಿಕೊಟ್ಟೆ.
ಏರೋಪ್ಲೇನಿನ ಗುರುತು ಒತ್ತಿ ಬಿಟ್ಟೆ.
ಆಪನ್ನೇ ಕಿತ್ತು ಮತ್ತೆ ನೆಡಲು ಧೈರ್ಯವಾಗಲಿಲ್ಲ,
ಕಿತ್ತರೆ ಮತ್ತದೇ ಪಾಸ್‌ವರ್ಡು.
ಬೆವರು ಒರೆಸಿಕೊಳ್ಳುವಾಗ
ಪರದೆಯ ಗಡಿಯಾರದ ಕೆಳಗೆ ಕಣ್ಣು ಬಿತ್ತು.

ಛತ್ರಿಯ ಕೆಳಗೆ ಆಗಸ್ಟು.
ಫೋನಿನೊಳಗೆ ಮಾರ್ಚ್ ಹದಿನಾಲ್ಕು, ಬರುವ ವರ್ಷದ್ದು.

“ವಾಯೋಲಾ, ನಿನ್ನ ಫೋನು ಮುಂದಿನ ಮಾರ್ಚಿಗೆ ಹೋಗಿ ಕೂತಿದೆ.
ಆಚೆಯವರು ತಮ್ಮ ಗುರುತಿನ ಚೀಟಿ ತೋರಿಸ್ತಾರೆ,
ಇದು ‘ಅವಧಿ ಮುಗಿದಿದೆ’ ಅಂತ ಒಳಗಿಂದ ಅಗಳಿ ಹಾಕ್ಕೊಳ್ಳತ್ತೆ.
ಅವರದೇನೂ ತಪ್ಪಿಲ್ಲ.”

ಅವಳು ಪರದೆಗೆ ಮುಖ ತಂದು ಇಣುಕಿದಳು.
“ಅಷ್ಟು ದೂರ ಹೋಗಿದೆಯಲ್ಲ,
ಚಾಪೆ ಮಾರಿಹೋಗಿತ್ತಾ ಅಲ್ಲಿ?”

ಆಮೇಲೆ ಸಿಟ್ಟು.
“ನಮ್ಮ ದೇಶವೇ ಹಾರಿಲ್ಲವೇನು ಒಂದು ದಿನ?
ಗುರುವಾರ ಮಲಗಿ ಶನಿವಾರ ಎದ್ದೆವು.
ನಡುವಿನ ಶುಕ್ರವಾರ ನನ್ನ ಹುಟ್ಟಿದ ದಿನ.
ಆ ವರ್ಷ ನನಗೆ ವಯಸ್ಸೇ ಆಗಲಿಲ್ಲ.
ಯಾರು ಹಾಕಿಕೊಂಡರು ಅಗಳಿ?”
“ಅದು ಸರ್ಕಾರ ಹಾರಿದ್ದು” ಅಂದೆ. “ಇದು ಯಾರು?”

ತಸಿ ಹಡಗನ್ನು ಬಹಳ ಗಮನವಿಟ್ಟು ನೋಡತೊಡಗಿದ.

ಹಣ್ಣು ಜೋಡಿಸುವ ಆಟ. ಐದು ಜೀವ.
ಸತ್ತರೆ ಅರ್ಧ ಗಂಟೆ ಕಾಯಬೇಕು ಒಂದು ಜೀವಕ್ಕೆ.
ಗಡಿಯಾರ ತಳ್ಳಿದರೆ ಕಾಯಬೇಕಿಲ್ಲ, ದೊಡ್ಡ ಹುಡುಗರು ಹೇಳಿಕೊಟ್ಟದ್ದು.
ಮೊದಲು ಅರ್ಧ ಗಂಟೆ ತಳ್ಳಿದ. ಆಮೇಲೆ ಒಂದು ದಿನ.
ಆಮೇಲೆ, ಯಾಕೆ ಜಿಪುಣತನ ಅಂತ.

ತಾರೀಖು ಸರಿಮಾಡಿದೆ.
ಉಂಗುರ ಒಂದೇ ಸುತ್ತು ತಿರುಗಿ ಕರಗಿತು.
ಎಷ್ಟಗಲ? ಅದರ ಕೆಳಗೆ ಬರೀ ಒಂದು ಪ್ರಶ್ನೆಚಿಹ್ನೆ,
ಅದರ ಕೆಳಗೆ ಇನ್ನೊಂದು.
ವಾಯೋಲಾ ಕಟ್ಟೆಯ ಮೇಲೇ ಎರಡೂ ತೋಳು ಚಾಚಿ
ಗಾಳಿಯನ್ನು ಅಳೆದಳು, ಒಂದು ಮಾರು, ಇನ್ನೊಂದು ಮುಕ್ಕಾಲು,
ಒತ್ತಿ ಒತ್ತಿ ಬರೆದಳು.
ಆಕ್ಲೆಂಡು ಇನ್ನೂ ಓದಿಲ್ಲ.

ಹಡಗು ಕೂಗಿತು. ಎರಡು ತಾಲಾ ಕೊಟ್ಟಳು, ಒಂದನ್ನು ತಿರುಗಿ ಇಸಕೊಂಡಳು.
ತಸಿ ಅವಳ ಸೊಂಟದ ಮರೆಯಲ್ಲಿ ಆಟ ತೆರೆದ,
ಮತ್ತೆ ನನ್ನತ್ತ ಓಡಿಬಂದು ಪರದೆ ಹಿಡಿದ:
ಮುಂದಿನ ಜೀವಕ್ಕೆ ಐದು ಸಾವಿರದ ಎಂಬತ್ತೆಂಟು ಗಂಟೆ.
“ಅಂದರೆ ಎಷ್ಟು?”

ಬೆರಳು ಮಡಿಸಿ ಎಣಿಸಿ ಹೇಳಿದೆ.
ಆಗಲೇ ಹೋಗಿಬಂದ ಮಾರ್ಚಿಗೆ
ಇನ್ನು ನಡೆದುಕೊಂಡು ಹೋಗಬೇಕು, ಮಗು.