ಐನೂರ ಮೂವತ್ತೆಂಟು ಪೌಂಡು

ಬ್ಲೇರ್‌ಗೌರಿಯ ತೋಟದಲ್ಲಿ ಬೇಸಿಗೆಯಿಡೀ
ರಾಸ್ಬೆರಿ ಕಿತ್ತ ದುಡ್ಡು. ನಾಕು ಸಲ ಎಣಿಸಿದ್ದಾಳೆ.
ಉಗುರಿನ ಸಂದಿಯ ಕೆಂಪು ಹೋಗಲು
ಸೆಪ್ಟೆಂಬರ್ ಮುಗಿಯಬೇಕಾಯಿತು.
ಈಗ ಅಡುಗೆಮನೆಯ ಮೇಜಿನ ಮೇಲೆ
ಗೀಟುಹಾಳೆ, ಪೆನ್ಸಿಲು, ಆರಿದ ಟೋಸ್ಟು.
ಕಿಟಕಿಯಾಚೆ ಡಂಡೀ, ಟೇ ನದಿ,
ನಾಕು ಗಂಟೆಗೇ ಇಳಿದ ಕತ್ತಲೆ.

"ಅವ್ವಾ, ಸುಮ್ಮನ ಕೇಳು, ನಡುವ ಬಾಯಿ ಹಾಕಬ್ಯಾಡ."
ಹೂಂ.
ಇಲ್ಲಿ ಆರು ಕೋರಿನ ಪ್ರೊಸೆಸರು, ಅಲ್ಲಿ ಎಂಟು,
ಎಂಟಕ್ಕೆ ಆಸೆಬಿದ್ದರೆ ಕಾರ್ಡಿಗೆ ಕೊರತೆ,
ಕಾರ್ಡು ದೊಡ್ಡದಾಗಿ ಇದು ಸಣ್ಣದಾದರೆ
ಬಾಟಲ್‌ನೆಕ್ಕು. "ಅದಕ್ಕ ಕನ್ನಡದಾಗ ಏನವ್ವಾ?"
ನನಗೆ ನೆನಪಾದದ್ದು ಬಾಗಲಕೋಟೆಯ ನಲ್ಲಿ,
ಸಾಲಿನಲ್ಲಿ ಇಪ್ಪತ್ತು ಕೊಡ, ಕಿರುಬೆರಳಿನ ಧಾರೆ.
ಹೇಳಿದೆ. ಬರೆದುಕೊಂಡಳು: ನಲ್ಲಿ.
ಆಮೇಲೆ ಗೆಳತಿ ಏಲಿಯ ಜೊತೆ ಫೋನಿನಲ್ಲಿ
ಸ್ಕಾಟಿಷ್ ಇಂಗ್ಲಿಷಿನ ನಡುವೆ
ಆ ನಲ್ಲಿ ರಾತ್ರಿಯವರೆಗೂ ತೊಟ್ಟಿಕ್ಕುತ್ತಲೇ ಇತ್ತು.

ಮದರ್‌ಬೋರ್ಡು ಎಂದಾಗ ನನ್ನ ಮುಖ ನೋಡಿದಳು,
ಏನಾದರೂ ಅಂದೇಬಿಡುತ್ತೇನೆಂದು.
ಅನ್ನಲಿಲ್ಲ. ಎಪ್ಪತ್ತೆಂಟು ಪೌಂಡಿನ ತಾಯಿ,
ಎಲ್ಲರೂ ಬಂದು ಚುಚ್ಚಿಕೊಳ್ಳುವುದು ಅವಳಿಗೇ.
ಹದಿನಾರರ ಹುಡುಗಿ ಇದಕ್ಕೆ ನಗುವುದಿಲ್ಲ.

ಮೆಮೊರಿ ಹದಿನಾರು ಸಾಕೋ, ಮೂವತ್ತೆರಡು ಬೇಕೋ?
ಹಾಸಿಗೆ ಇದ್ದಷ್ಟು ಎಂಬುದು
ನಾಲಿಗೆ ತುದಿಗೆ ಬಂದಿತ್ತು, ನುಂಗಿದೆ.
ಕೊಂಚ ಹೊತ್ತಿಗೆ ಅವಳೇ ಕಾಲು ಮಡಚಿದಳು:
ಹದಿನಾರು. ಪಕ್ಕದ ಗೂಡು ಖಾಲಿ ಇರಲಿ,
ಮುಂದಿನ ಬೇಸಿಗೆಗೆ.

ಪಟ್ಟಿಯ ಕೊನೆಗೆ ಎರಡು ಸಾಲು.
ಗಾಜಿನ ಪೆಟ್ಟಿಗೆ, ಕಾಮನಬಿಲ್ಲು ಗಿರಗಿರ ತಿರುಗುವ ಮೂರು ಫ್ಯಾನು: ಎಂಬತ್ತನಾಲ್ಕು.
ಪವರ್ ಸಪ್ಲೈ, ಹೆಸರೇ ಕೇಳದ ಕಂಪನಿಯದು: ಮೂವತ್ತನಾಲ್ಕು.

ಇಲ್ಲಿ ಬಾಯಿ ಹಾಕಿದೆ.
ಹದಿನೇಳು ವರ್ಷದಿಂದ ಬಿಸ್ಕತ್ತು ಕಾರ್ಖಾನೆಯ
ಫ್ಯೂಸು, ಮೋಟರು, ಸುಟ್ಟ ತಂತಿಯ ವಾಸನೆ ನನ್ನ ಪಾಲು.
ಒಂದು ರಾತ್ರಿಪಾಳಿಯಲ್ಲಿ ಅಗ್ಗದ ಟ್ರಾನ್ಸ್‌ಫಾರ್ಮರೊಂದು
ತಾನು ಸಾಯುವಾಗ ಮೂರು ಒಲೆಗಳ ಮಿದುಳನ್ನೂ
ಜೊತೆಗೊಯ್ದದ್ದನ್ನು ಈ ಕಣ್ಣಲ್ಲೇ ನೋಡಿದ್ದೇನೆ.
ಮಂಟಪಕ್ಕೆ ದುಡ್ಡು ಸುರಿದು
ಅಡುಗೆಯವನ ಹತ್ತಿರ ಚೌಕಾಸಿ ಮಾಡಬಾರದು ಶಾಲ್ಮಲಿ.
"ಆದರ ಲೈಟು?"
ಲೈಟು ಆಟ ಆಡಿಸುವುದಿಲ್ಲ.
"ನಿನಗ ಗೊತ್ತಾಗಂಗಿಲ್ಲ."
ಎದ್ದು ಹೋದಳು. ಬಾಗಿಲು ತುಸು ಜೋರಾಗಿಯೇ ಬಡಿಯಿತು.

ಬೆಳಿಗ್ಗೆ ಹಾಳೆಯ ಮೇಲೆ ರಬ್ಬರಿನ ಪುಡಿ.
ಪೆಟ್ಟಿಗೆ, ಕಪ್ಪು ತಗಡು: ಐವತ್ತೆರಡು. ಪವರ್: ಅರವತ್ತಾರು.
ಮೊತ್ತ ಅದೇ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ
ಅಡುಗೆಯವನು, ಎಂದು.

ಗ್ರಾಫಿಕ್ಸ್ ಕಾರ್ಡು ಸೆಕೆಂಡ್‌ಹ್ಯಾಂಡು.
ಅರ್ಬ್ರೋತ್ ಸ್ಟೇಷನ್ನಿನ ಹೊರಗೆ ರೂರಿ ಎಂಬ ಹುಡುಗ
ಆ ಊರಿನವರು ಹೊಗೆಮೀನು ಕಟ್ಟುವ ಹಾಗೆ
ಟವೆಲ್ಲಿನಲ್ಲಿ ಸುತ್ತಿ ತಂದಿದ್ದ.
ಬಿಸಿ ಜಾಸ್ತಿ, ಆದರೆ ಕೈಕೊಡಲ್ಲ ಎಂದ.
ಶಾಲ್ಮಲಿ ಅದರ ಚಿನ್ನದ ಹಲ್ಲುಗಳನ್ನು
ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದಳು,
ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡುವವರ ಹಾಗೆ.
ಅದನ್ನೆಲ್ಲಿ ಕಲಿತಳೋ.
ನೂರ ನಲವತ್ತನ್ನು ರೂರಿ ಎಣಿಸದೆ ಜೇಬಿಗಿಟ್ಟ,
ಟವೆಲ್ಲು ಮಾತ್ರ ವಾಪಸು ಕೇಳಿದ.

ಶನಿವಾರ. ನಾನು ಟಾರ್ಚು ಹಿಡಿಯುವವಳು.
ಒಂದು ಸ್ಕ್ರೂ ಫ್ರಿಜ್ಜಿನಡಿ ಉರುಳಿ ಹೋಯಿತು, ಇನ್ನೂ ಅಲ್ಲೇ ಇದೆ.
ಗುಂಡಿ ಒತ್ತಿದಳು. ಫ್ಯಾನು ತಿರುಗಿತು.
ಪರದೆ ಕಪ್ಪು.
ಅವಳು ನನ್ನ ಮುಖ, ನಾನು ಅಡುಗೆಯವನ ಮುಖ ನೋಡಿದೆವು.
ಹತ್ತು ನಿಮಿಷ. ಇಪ್ಪತ್ತು. ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ,
ಆಗ ಹಿಂದಕ್ಕೆ ಬಗ್ಗಿ ನೋಡಿ ಹೋ ಎಂದಳು.
"ತಂತಿ ತಾಯಿಗೇ ಚುಚ್ಚೀನವ್ವಾ! ಕಾರ್ಡಿಗೆ ಚುಚ್ಚಬೇಕಿತ್ತು."
ನಕ್ಕಳು, ನಾನು ನುಂಗಿದ್ದ ಅದೇ ಜೋಕಿಗೆ.

ಹದಿನೇಳು ಪೌಂಡು ಉಳಿದಿತ್ತು, ರೈಲಿಗಾಯಿತು.
ಆಟ ಕೊಳ್ಳುವುದನ್ನು ಇಬ್ಬರೂ ಮರೆತಿದ್ದೆವು.
ನೀಲಿ ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಶಾಖ:
ಮೂವತ್ತೊಂದು ಡಿಗ್ರಿ.
ಮೂವತ್ತೆರಡು.
ಮತ್ತೆ ಮೂವತ್ತೊಂದು.
ಕುರ್ಚಿ ಎಳೆದುಕೊಂಡು ಕೂತು
ಅದನ್ನೇ ನೋಡಿದೆವು.