ದಾನಿ ನಾನೂರ ಹದಿನೇಳು

ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡವರ
ಹಳೆಯ ಮೂಳೆ ನನ್ನ ಪಾಲಿಗೆ ಬರುತ್ತದೆ,
ಐಸಿನ ಡಬ್ಬಿಯಲ್ಲಿ, ಬುಧವಾರ, ಹನ್ನೊಂದರ ಸುಮಾರಿಗೆ.
ಡಂಡೀಯ ಆಸ್ಪತ್ರೆಯಿಂದ ಲ್ಯಾಬಿಗೆ ಎರಡು ಮಹಡಿ, ಒಂದು ಕಾರಿಡಾರು.
ಹೆಸರಿಲ್ಲ. ಹೆಂಗಸು, ಎಂಬತ್ತೊಂದು. ಅಷ್ಟೇ ಚೀಟಿ.

ಚಮಚದಲ್ಲಿ ಕೆರೆದರೆ ಮಜ್ಜೆ
ಬೆಲ್ಲದ ಪಾಕದಂತೆ ಕೆಂಪಗೆ, ಜಿಡ್ಡುಜಿಡ್ಡಾಗಿ.
ಸೋಸಿ, ತೊಳೆದು, ಬಣ್ಣ ಹಚ್ಚಿ ಹುಡುಕಿದರೆ
ಸಾವಿರಕ್ಕೆ ಎರಡೋ ಮೂರೋ ಸಿಗುತ್ತವೆ:
ಒಡೆದು ಎರಡಾಗುವುದಿಲ್ಲ, ಕೂತಲ್ಲಿಂದ ಏಳುವುದಿಲ್ಲ,
ಕ್ಷಣಕ್ಕೆ ಸಾವಿರದಂತೆ ಪ್ರತಿಕಾಯ ಉಗುಳುತ್ತ
ಒಂದೊಂದೂ ಒಂದೇ ಪಾಠ ಒಪ್ಪಿಸುತ್ತವೆ.

ಇದು ದಡಾರ, ಏಳನೆಯ ವಯಸ್ಸಿನದಿರಬೇಕು.
ಇದು ಮಂಗಬಾವು.
ಇದು... ತಡಿ, ಹಳದಿ ಜ್ವರದ ಲಸಿಕೆ!
ಟೇ ನದಿಯ ದಂಡೆಯವಳಿಗೆ ಇದೇಕೆ?
ಲಾಗೋಸಿನಲ್ಲಿ ನರ್ಸಾಗಿದ್ದಳೋ,
ಹಡಗಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದಳೋ.
ಎಲುಬಿಲ್ಲದ ನಾಲಗೆ ಏನು ಬೇಕಾದರೂ ಹೇಳೀತು.
ಎಲುಬು ಹೇಳುವುದು ಇಷ್ಟೇ: ಚುಚ್ಚಿಸಿಕೊಂಡಿದ್ದೆ.

ಮಜ್ಜೆಯಲ್ಲಿ ಜಾಗ ಕಡಿಮೆ.
ಹೊಸ ಜ್ವರ ಬಂದಾಗಲೆಲ್ಲ ಹೊಸಬರು ನುಗ್ಗುತ್ತಾರೆ.
ಹಾಸನದ ಬಸ್ಸಿನ ಕಿಟಕಿಯಿಂದ ಟವೆಲು ಎಸೆದು
ಸೀಟು ಹಿಡಿದವರ ಹಾಗೆ ಹಳಬರು ಕೂತಿರುತ್ತಾರೆ.
ಯಾರನ್ನಾದರೂ ಎಬ್ಬಿಸಿ ಕೂರಬೇಕು,
ಇಲ್ಲ, ನಿಂತೇ ಸಾಯಬೇಕು.

ಹಾಗಂತ ಸೀಟೊಂದೇ ಸಾಲದು.
ಮೊದಲ ವರ್ಷ ನಾನು ಅವನ್ನಷ್ಟೇ ಬೇರ್ಪಡಿಸಿ
ಚೊಕ್ಕ ತಟ್ಟೆಯಲ್ಲಿಟ್ಟಿದ್ದೆ,
ಮೂವತ್ತೇಳು ಡಿಗ್ರಿ, ಸಕ್ಕರೆ, ಉಪ್ಪು, ಎಲ್ಲ.
ಶುಕ್ರವಾರಕ್ಕೆ ಒಂದೂ ಇರಲಿಲ್ಲ.
ಎಪ್ಪತ್ತು ವರ್ಷ ಬಾಳಿದವು
ಎರಡು ದಿನದ ಒಂಟಿತನ ತಡೆಯಲಿಲ್ಲ.

ಪಕ್ಕದಲ್ಲಿ ಕೈ ಚಾಚಿದ ಜಾಲಕೋಶ ಬೇಕು,
ಗುಲಾಬಿ ಕಾಳು ತುಂಬಿಕೊಂಡ ಇಯೊಸಿನೊಫಿಲ್ ಬೇಕು,
ಇರು, ಇನ್ನೂ ಸ್ವಲ್ಪ ಇರು, ಎಂದು
ಹನಿಹನಿಯಾಗಿ ಉಣಿಸುತ್ತಿರಲು.
ತಮಾಷೆಯೆಂದರೆ ಆ ಗುಲಾಬಿಯವರ ಆಯಸ್ಸು ನಾಲ್ಕಾರು ದಿನ.
ಉಣಿಸಿದವರು ಹೋಗುತ್ತಾರೆ, ಬೇರೆಯವರು ಬರುತ್ತಾರೆ,
ಉಂಡವರು ಅಲ್ಲೇ ಇರುತ್ತಾರೆ.

ನಾಲ್ಕಕ್ಕೇ ಕತ್ತಲು.
ಲೋಚೀ ರಸ್ತೆಯ ಕಲ್ಲುಮೆಟ್ಟಿಲು ಹತ್ತಿ
ಬಾಯ್ಲರಿನ ಕಪಾಟಿನಿಂದ ಮೊಸರಿನ ಪಾತ್ರೆ ತೆಗೆಯುತ್ತೇನೆ.
ಗಟ್ಟಿಯಾಗಿದೆ. ನಾಳೆಗೆ ಒಂದು ಚಮಚ ಎತ್ತಿಡುತ್ತೇನೆ.
ಹೆಪ್ಪು ಕೊಟ್ಟ ಹರ್ಲೀನ್
ಕೆಳಮನೆಯಲ್ಲಿದ್ದದ್ದು ಒಂದೇ ಚಳಿಗಾಲ.
ಒಂಬತ್ತು ವರ್ಷವಾಯಿತು, ಈಗ ಎಲ್ಲಿದ್ದಾಳೋ.
ಆ ಮನೆಗೆ ಮತ್ತೆ ಯಾರೋ ಬಂದ ಹಾಗಿದೆ,
ಬಾಗಿಲ ಬಳಿ ಒದ್ದೆ ಬೂಟು, ಚಿಕ್ಕದೊಂದು ಸೈಕಲ್ಲು.
ಹೆಸರು ಕೇಳಬೇಕು.