ಸೋಮವಾರ ಐದು ಗಂಟೆಯೊಳಗೆ

ಹಾರ್ಗ್ರೇವ್ ಮೇಲೆ, ಟೆನ್ಬಿ ಕೆಳಗೆ.
ನಡುವೆ ಒಂದೇ ರಸ್ತೆ, ಅದಕ್ಕೂ ಹೆಸರು ಎರಡು:
ಆ ಬದಿಯ ಕಂಬದಲ್ಲಿ ಒಂದು,
ಈ ಬದಿಯ ಕಂಬದಲ್ಲಿ ಇನ್ನೊಂದು.
ಡನೀಡಿನ್ನಿನ ಬಸ್ಸಿಗೆ ಮಾತ್ರ ಭೇದವಿಲ್ಲ,
ಎಲ್ಲಿಳಿದರೂ ಅದೇ ದರ.

ಏಜೆಂಟ್ ಗ್ರೆಗರ್ ನಮ್ಮನ್ನು ಹಾರ್ಗ್ರೇವಿಗೆ ಕರೆದದ್ದು
ಸರಿಯಾಗಿ ಹನ್ನೆರಡಕ್ಕೆ.
ಅಡುಗೆಮನೆ ತುಂಬ ಬಿಸಿಲು, ಬೆಣ್ಣೆ ಕರಗುವಷ್ಟು.
ಫಿಲಿಪೊ ಆಗಲೇ ಕೈ ಚಾಚಿ
ಸೋಫಾದ ಜಾಗ ಅಳೆಯುತ್ತಿದ್ದ.

ನಾನು ಬೇಕರಿಯವಳು, ರಾತ್ರಿ ಪಾಳಿ.
ಬೆಳಕನ್ನು ಸಂಬಳದ ಹಾಗೆ ಎಣಿಸಿಕೊಳ್ಳುತ್ತೇನೆ.
ಮಾರನೆಯ ದಿನ ಯಾರಿಗೂ ಹೇಳದೆ ಮತ್ತೆ ಹೋದೆ,
ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು
ಎದುರಿನ ಮೋಟುಗೋಡೆಯ ಮೇಲೆ ಕೂತೆ.
ಜೂನ್ ತಿಂಗಳು. ಎರಡು ಗಂಟೆ ಹತ್ತು ನಿಮಿಷಕ್ಕೆ
ಗುಡ್ಡ ಸೂರ್ಯನಿಗೆ ಅಡ್ಡ ಬಂತು,
ಸಿನಿಮಾದಲ್ಲಿ ಮುಂದಿನ ಸಾಲಿನ ಎತ್ತರದವನು ಎದ್ದ ಹಾಗೆ,
ಮತ್ತೆ ಕೂರಲೇ ಇಲ್ಲ.
ಕೆಳಗೆ ಟೆನ್ಬಿಯ ತಗಡಿನ ಮಾಡುಗಳು
ಇನ್ನೂ ಹೊಳೆಯುತ್ತಿದ್ದವು,
ಹಗ್ಗದ ಮೇಲೆ ಯಾರದೋ ಹೊದಿಕೆ
ಒಣಗುತ್ತಲೇ ಇತ್ತು.

ಟೆನ್ಬಿಯ ಮನೆ ಮುದುಕ ಮರ್ಡೊ ಸ್ಕೀನನದು.
ಮಾರುವವನ ಜಾಣತನ ಅವನಿಗಿಲ್ಲ:
ಮೊದಲು ತೋರಿಸಿದ್ದೇ ಸೋರುವ ನಲ್ಲಿ,
ಆಮೇಲೆ ಉತ್ತರದ ಕಿಟಕಿ.
ಲಾಂಗಿ ಜೇಬಿನಿಂದ ಗೋಲಿ ತೆಗೆದು ನೆಲಕ್ಕಿಟ್ಟಳು.
ಮೇಲಿನ ಮನೆಯಲ್ಲಿ ಅದು ಓಡಿಹೋಗಿ ಫ್ರಿಜ್ಜಿನಡಿ ಸೇರಿತ್ತು,
ತೆಗೆಯಲು ಗ್ರೆಗರ್ ಸೂಟಿನಲ್ಲೇ ಬೋರಲಾಗಿದ್ದ.
ಇಲ್ಲಿ ಇಟ್ಟಲ್ಲೇ ನಿಂತಿತು.
"ನೆಲ ಸಮ ಇದೆ" ಎಂದ ಫಿಲಿಪೊ.
"ನೀರಿಗೂ ಅದೇ ಇಷ್ಟ" ಎಂದ ಮರ್ಡೊ,
ಬಾಗಿಲ ಚೌಕಟ್ಟಿನತ್ತ ಕೈ ತೋರಿ.

ಪೆನ್ಸಿಲಿನ ಗೆರೆಗಳು.
ಐಲ್ಸಾ ಐದು ವರ್ಷ, ಐಲ್ಸಾ ಆರು, ಡಗಲ್ ಮೂರು.
ಎಲ್ಲಕ್ಕಿಂತ ಕೆಳಗೆ ನೀಲಿಯಲ್ಲಿ ಒಂದು,
ಹೆಸರಿಲ್ಲ, ತಾರೀಖು ಮಾತ್ರ.
"ಇದು ಯಾವ ಮಗು?" ಲಾಂಗಿ ಕೇಳಿದಳು.
"ಅದು ನೀರು. ಒಂದೇ ರಾತ್ರಿಯಲ್ಲಿ ಅಷ್ಟು ಬೆಳೆಯಿತು.
ಆಮೇಲೆ ಬೆಳೆದಿಲ್ಲ, ಇದುವರೆಗೆ."
ಲಾಂಗಿ ಪಕ್ಕಕ್ಕೆ ಹೋಗಿ ನಿಂತು ನೋಡಿದಳು.
ಅವಳ ಮೊಣಕಾಲಿಗೆ ಬಂತು.

ಮೇಲಿನದಕ್ಕೆ ನಲವತ್ತು ಸಾವಿರ ಹೆಚ್ಚು.
ಕೆಳಗಿನದಕ್ಕೆ ವಿಮೆಯವನು ಎರಡು ದಿನದಿಂದ
ಫೋನ್ ಎತ್ತುತ್ತಿಲ್ಲ.
"ಚಳಿಗೆ ಸ್ವೆಟರ್ ಇದೆ, ನೈರೀ,
ನೀರಿಗೆ ಏನು ಹಾಕಿಕೊಳ್ಳುತ್ತೀ?"
"ನೀರು ಬಂದರೆ ಬಂತು.
ಆ ನೆರಳು ಚಳಿಗಾಲವಿಡೀ ಬರುತ್ತದೆ,
ಅದೂ ಹೇಳಿದ ಹೊತ್ತಿಗೆ."
ಆಪಿಯಾದಿಂದ ಅತ್ತೆಯದು ಒಂದೇ ಪ್ರಶ್ನೆ:
ಚರ್ಚಿಗೆ ಯಾವುದು ಹತ್ತಿರ?
ಎರಡೂ ಅಷ್ಟೇ ದೂರ ಅಂದೆವು.
ಹಾಗಾದರೆ ಯಾವುದಾದರೇನು, ಎಂದು
ತಮ್ಮ ಮಂಡಿನೋವಿನ ಮಾತಿಗೆ ಹೊರಳಿದರು.

ಸೋಮವಾರ. ಮೇಜಿನ ಮೇಲೆ ಪತ್ರ,
ನಮ್ಮ ಹೆಸರು ಇದೆ, ಮೊತ್ತವೂ ಇದೆ,
ವಿಳಾಸದ ಜಾಗ ಮಾತ್ರ ಖಾಲಿ.
ಮರ್ಡೊಗೆ ಫೋನ್ ಮಾಡಿದೆ.
ಕೇಳಬೇಕಾದದ್ದು ಚರಂಡಿಯ ಬಗ್ಗೆ, ಪಂಪಿನ ಬಗ್ಗೆ.
ಕೇಳಿದ್ದು: ಆ ಚೌಕಟ್ಟು ಬಿಟ್ಟು ಹೋಗುತ್ತೀರಾ?
ತುಂಬ ಹೊತ್ತು ಸದ್ದಿಲ್ಲ,
ಕೆಟಲಿನಲ್ಲಿ ನೀರು ಕುದಿಯುವುದಷ್ಟೇ ಕೇಳುತ್ತಿತ್ತು.
"ಮಕ್ಕಳ ಭಾಗ ಕೊಯ್ದು ಒಯ್ಯುತ್ತೇನೆ" ಎಂದ,
"ಕೆಳಗಿನದು ಮನೆಗೆ ಸೇರಿದ್ದು."

ಐದಕ್ಕೆ ಇನ್ನು ಇಪ್ಪತ್ತು ನಿಮಿಷ.
ಕಿಟಕಿಯಾಚೆ ಹಾರ್ಗ್ರೇವಿನ ಮನೆಗಳಲ್ಲಿ
ದೀಪ ಹತ್ತಿ ಎಷ್ಟೋ ಹೊತ್ತಾಗಿತ್ತು.